ನೀರು ನಿಂತ ಹೊತ್ತು

"ಈ ಸಲ ನೀನು ಲಾರಿಲಿ ಬಾ ಅಪ್ಪ," ಎಂದು ರೋಂಡಾ ತಂದೆಯ ಕೈಯಿಂದ ಲಗಾಮು ತೆಗೆದುಕೊಂಡಳು.

ಡೆಲ್ಮಸ್ ಆಗಲೇ ಒಂದು ಕಾಲನ್ನು ರಿಕಾಪಿಗೆ ಹಾಕಿದ್ದ. ನಲವತ್ತಾರು ವರ್ಷ, ಒಂದು ವರ್ಷವೂ ತಪ್ಪದೆ, ಜುಲೈ ತಿಂಗಳ ಈ ಜಾತ್ರೆಯ ದಿನ ಅಸಟೀಗ್ ದ್ವೀಪದ ಕಾಡು ಕುದುರೆಗಳನ್ನು ಹಿನ್ನೀರಿನಲ್ಲಿ ಈಜಿಸಿ ಆಚೆಯ ತನ್ನೂರು ಶಿಂಕೊಟೀಗ್‌ನ ದಡ ಮುಟ್ಟಿಸಿದವನು ಅವನು. ಲಾರಿ ಎಂದರೆ ಏನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈಜಲಾರದ ಮುದಿ ಕುದುರೆಗಳು, ನಿನ್ನೆ ಮೊನ್ನೆ ಹುಟ್ಟಿದ ಮರಿಗಳು ಲಾರಿ ಹತ್ತಿ ಸೇತುವೆಯ ಮೇಲೆ ಬರುತ್ತವೆ. ಅವು ಬಂದದ್ದನ್ನು ಊರಲ್ಲಿ ಯಾರೂ ನೋಡುವುದೂ ಇಲ್ಲ.

"ಯಾರು ಹೇಳಿದ್ದು?"

"ಡಾಕ್ಟ್ರು. ಮೇ ತಿಂಗಳಲ್ಲೇ ಹೇಳಿದ್ರು, ನೀನು ಕಿವಿ ಮೇಲೆ ಹಾಕ್ಕೊಳ್ಲಿಲ್ಲ. ಎದೆಯೊಳಗೆ ಎರಡು ಸ್ಪ್ರಿಂಗ್ ಇಟ್ಕೊಂಡು ನೀರಿಗೆ ಇಳೀತೀಯಾ? ಈ ವರ್ಷ ಸವಾರರಿಗೆಲ್ಲ ಮುಖ್ಯಸ್ಥೆ ನಾನು. ನಾನು ಹೇಳಿದ್ದು ನಡೀಬೇಕು."

"ನಿನ್ನನ್ನ ಮೊದಲು ಕುದುರೆ ಮೇಲೆ ಕೂರಿಸಿದ್ದೇ ನಾನು."

"ಹೌದು. ಹೆದರಬೇಡ ಅಂತ ಹೇಳಿಕೊಟ್ಟಿದ್ದೂ ನೀನೇ."

ಡೆಲ್ಮಸ್ ಟೋಪಿ ಸರಿಮಾಡಿಕೊಂಡು ಲಾರಿಯತ್ತ ನಡೆದ. ಓಡಿಸುವವನು ಅವನ ಚಿಕ್ಕಪ್ಪನ ಮಗ ಲೆರಾಯ್. "ಬಾ ಅಣ್ಣ. ಮುಂದೆ ಕೂರ್ತೀಯೋ, ಹಿಂದೆ ಮರಿಗಳ ಜೊತೆ ಕೂರ್ತೀಯೋ?" ಎಂದ. ಡೆಲ್ಮಸ್ ಲಾರಿಯ ಹಿಂಬದಿಗೆ ಹೋಗಿ ನಿಂತ. ಹಿಂದಿನ ಕಟಕಟೆಯ ಸಂದಿನಿಂದ ಬರ್ಡಿ ಅವನನ್ನು ನೋಡುತ್ತಿದ್ದಳು. ಇಪ್ಪತ್ತಾರು ವರ್ಷದ ಕಂದು ಕುದುರೆ, ಪಕ್ಕೆಲುಬು ಎಣಿಸಬಹುದಿತ್ತು. ಹದಿನೆಂಟು ವರ್ಷ ಹಿಂಡಿನಲ್ಲಿ ಎಲ್ಲರಿಗಿಂತ ಮೊದಲು ನೀರಿಗೆ ಇಳಿಯುತ್ತಿದ್ದವಳು ಅವಳೇ. ಅವಳಿಗೂ ಇದೇ ಮೊದಲ ಲಾರಿ.

ಎಂಥ ದಿನಗಳು ಅವು. ಮರುವಾಯಿ ಎಂಬ ಕಡಲ ಚಿಪ್ಪುಗಳನ್ನು ಬಿಡಿಸುವ ಶೆಡ್ಡುಗಳಿಗೆಲ್ಲ ಬೀಗ ಬೀಳುತ್ತಿತ್ತು. ಹೆಂಗಸರು ಒದ್ದೆ ಏಪ್ರನ್ನಿನಲ್ಲೇ ಆಚೆ ದಡಕ್ಕೆ ಬಂದು ಮೊಣಕಾಲುದ್ದ ಕೆಸರಲ್ಲಿ ನಿಲ್ಲುತ್ತಿದ್ದರು. ಅವನ ಹೆಂಡತಿ ಅರ್ಮಾ ಅಲ್ಲಿಂದಲೇ, "ಒದ್ದೆ ಬೂಟಲ್ಲಿ ಮನೆಯೊಳಗೆ ಬಂದೆಯೋ, ನೋಡ್ಕೋ," ಎಂದು ಕೂಗುತ್ತಿದ್ದಳು, ಊರೆಲ್ಲ ನಗುತ್ತಿತ್ತು. ದಡದಲ್ಲಿ ನಿಂತ ಒಬ್ಬೊಬ್ಬರ ಹೆಸರೂ ಅವನಿಗೆ ಗೊತ್ತಿತ್ತು. ಈಗ ಸಾವಿರಾರು ಜನ ಬರುತ್ತಾರೆ, ಹೆಸರು ಹಿಡಿದು ಕೂಗುವವರು ಒಬ್ಬರೂ ಇಲ್ಲ. ಆದರೂ ಇಡೀ ವರ್ಷ ಅವನು ಕಾಯುತ್ತಿದ್ದದ್ದು ಈ ಒಂದು ದಿನಕ್ಕೇ.

ನೀರು ನಿಂತಿತು. ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರು ಹೀಗೆ ಅಲುಗದೆ ನಿಲ್ಲುವುದು ಅರ್ಧ ಗಂಟೆ. ಅಷ್ಟರೊಳಗೆ ಹಿಂಡು ದಾಟಬೇಕು. ಸವಾರರು ಹಿಂದಿನಿಂದ ಕೂಗಿದರು, ಚಾವಟಿಯನ್ನು ಗಾಳಿಯಲ್ಲಿ ಬೀಸಿದರು. ಕುದುರೆಗಳು ದಡದವರೆಗೆ ಓಡಿ ಬಂದವು, ನೀರು ಮೂಸಿದವು, ತಿರುಗಿ ಹೋದವು. ಮತ್ತೆ ಬಂದವು, ಮತ್ತೆ ತಿರುಗಿದವು. ಹದಿನೈದು ನಿಮಿಷ ಹೀಗೇ ಹೋಯಿತು.

ರೋಂಡಾ ಕುದುರೆ ಓಡಿಸಿಕೊಂಡು ಲಾರಿಯ ಹತ್ತಿರ ಬಂದಳು. ಮುಖ ಬಿಳಿಚಿಕೊಂಡಿತ್ತು. "ಅಪ್ಪ, ಒಂದೂ ಇಳೀತಾ ಇಲ್ಲ."

"ಲಾರಿಲಿ ಹೋಗೋರನ್ನ ಕೇಳಿದ್ರೆ? ಮುಖ್ಯಸ್ಥೆ ನೀನು."

"ಜಗಳ ಆಮೇಲೆ ಆಡೋಣ. ನೀರು ತಿರುಗಿದ ಮೇಲೆ ಇಳಿದ್ರೆ ಮರಿಗಳು ಕೊಚ್ಕೊಂಡು ಹೋಗ್ತವೆ."

ಅದು ಅವನಿಗೂ ಗೊತ್ತಿತ್ತು. "ಬರ್ಡಿ ಇಳಿಯದೆ ಅವು ಇಳಿಯಲ್ಲ," ಎಂದ.

"ಅವಳ ಕೈಲಿ ಆಗಲ್ಲ ಅಪ್ಪ. ಅರ್ಧಕ್ಕೇ ಮುಳುಗ್ತಾಳೆ."

"ಈಜಿಸ್ತೀನಿ ಅಂದ್ನಾ? ಸೊಂಟಮಟ್ಟದ ನೀರಿನವರೆಗೆ ಕರ್ಕೊಂಡು ಹೋಗಿ ಹಿಡ್ಕೊಂಡು ನಿಲ್ತೀನಿ. ಲೆರಾಯ್, ಹಲಗೆ ಇಳಿಸು."

ಬರ್ಡಿಯ ಕೊರಳಿಗೆ ಉದ್ದನೆಯ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಡೆಲ್ಮಸ್ ತನ್ನ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡ. ಇಷ್ಟು ವರ್ಷ ದಾಟಿದವಳು ಹಿಂಡು ಹೋಗುವಾಗ ಸುಮ್ಮನೆ ನಿಲ್ಲುತ್ತಾಳೆಯೇ, ಎಳೆದೇ ಎಳೆಯುತ್ತಾಳೆ ಎಂದುಕೊಂಡ. ಇಬ್ಬರೂ ಹಿಂಡಿನ ನಡುವೆ ನಡೆದರು. ಕುದುರೆಗಳು ದಾರಿ ಬಿಟ್ಟವು. ಬರ್ಡಿ ಮೂಗರಳಿಸಿ ಒಮ್ಮೆ ಕೆನೆದು ನೀರಿಗೆ ಕಾಲಿಟ್ಟಳು. ಮೊಣಕಾಲು ಮುಳುಗಿತು, ಹೊಟ್ಟೆ ತೋಯ್ದಿತು.

ಅಷ್ಟೇ ಸಾಕಾಯಿತು. ಒಂದು ಕುದುರೆ ಇಳಿಯಿತು, ಅದರ ಹಿಂದೆ ಮೂರು, ಆಮೇಲೆ ಇಡೀ ಹಿಂಡು. ಅವರಿಬ್ಬರ ಎಡಕ್ಕೂ ಬಲಕ್ಕೂ ನೀರು ಚಿಮ್ಮಿಸುತ್ತ, ಬುಸುಗುಟ್ಟುತ್ತ, ಕತ್ತು ಮೇಲೆತ್ತಿಕೊಂಡು ಹೋದವು. ಮರಿಗಳು ತಾಯಂದಿರ ಮಗ್ಗುಲಿಗೇ ಅಂಟಿಕೊಂಡಿದ್ದವು. ಕೊನೆಯ ಮರಿ ದಾಟಿ ಹೋಗುವ ಹೊತ್ತಿಗೆ ಮೊದಲ ಕುದುರೆ ಆಚೆ ದಡದ ಕೆಸರು ಹತ್ತಿ ಮೈ ಕೊಡವುತ್ತಿತ್ತು. ಜನ ಹೋ ಎಂದು ಕೂಗಿದರು. ಅದೇ ಕೂಗು, ನಲವತ್ತಾರು ವರ್ಷ ಕೇಳಿದ್ದು. ಡೆಲ್ಮಸ್‌ನ ಕಣ್ಣು ತುಂಬಿತು. ನೀರು ಎದೆಮಟ್ಟ ಬಂದಿತ್ತು, ಹಗ್ಗ ಮುಂಗೈಯನ್ನು ಕೊಯ್ಯುವಷ್ಟು ಬಿಗಿದಿತ್ತು.

"ಸಾಕು ಕಣೇ, ಜಗ್ಗಬೇಡ," ಎಂದ, ಆಚೆ ದಡದಿಂದ ಕಣ್ಣು ಕೀಳದೆ. "ನಮ್ಮದು ಮುಗೀತು. ಅವರ ಪಾಡಿಗೆ ಅವರು ಹೋಗ್ಲಿ. ಜಗ್ಗಬೇಡ ಅಂದ್ನಲ್ಲ."

ಹಿಂದಿನಿಂದ ರೋಂಡಾಳ ದನಿ ಕೇಳಿಸಿತು, ಮೆತ್ತಗೆ.

"ಅಪ್ಪ, ಬರ್ಡಿ ಆಗಲೇ ತಿರುಗಿ ಬಂದು ದಡದಲ್ಲಿ ಹುಲ್ಲು ಮೇಯ್ತಿದಾಳೆ. ಜಗ್ತಾ ಇರೋದು ನೀನು."