ಅಂಚಿನಲ್ಲಿದ್ದ ಕೈ

ತೀರ್ಪುಗಾರರು ಹನ್ನೊಂದನೇ ಫೋಟೋದ ಎಡ ಅಂಚಿನ ಮೇಲೆ ಕಪ್ಪು ರಟ್ಟಿನ ಪಟ್ಟಿಯೊಂದನ್ನು ಇಟ್ಟರು. ಬಕೆಟ್ಟಿಗೆ ಮೂತಿಯಿಟ್ಟ ಕರು ಉಳಿಯಿತು. ಬಕೆಟ್ಟು ಹಿಡಿದಿದ್ದ ಕೈ ಮರೆಯಾಯಿತು. “ಈ ಕೈ ಸುಮ್ಮನೆ ಕಣ್ಣೆಳೆಯುತ್ತೆ. ಇಷ್ಟು ಕತ್ತರಿಸಿದ್ದಿದ್ರೆ ಮೊದಲ ಬಹುಮಾನ ಇದಕ್ಕೇ,” ಎಂದರು.

ಆ ಫೋಟೋ ತೆಗೆದಿದ್ದ ಬಡಗಿ ಮೂರನೇ ಸಾಲಿನಲ್ಲಿ ಅಲುಗಾಡದೆ ಕೂತಿದ್ದ. ಅಂಕ ಹೇಳುವ ಮೊದಲು ‘ಇದು ನನ್ನದು’ ಎಂದು ಬಾಯಿಬಿಟ್ಟರೆ ಫೋಟೋ ಸ್ಪರ್ಧೆಯಿಂದ ಹೊರಗೆ. ಅದು ಕ್ಯಾಮೆರಾ ಕ್ಲಬ್ಬಿನ ನಿಯಮ. ಪಕ್ಕದಲ್ಲಿದ್ದ ಬಾಮೈದ ಅವನ ಮೊಣಕೈ ತಿವಿದ. “ಅದು ನಮ್ಮಕ್ಕನ ಕೈ ಅಂತ ಹೇಳಿ ಭಾವ. ಅವಳು ತೀರ್ಕೊಂಡ್ಮೇಲೆ ನಮಗೆ ಉಳಿದಿರೋ ಅವಳ ಫೋಟೋ ಅದೊಂದೇ. ಬಹುಮಾನ ಹೋದ್ರೆ ಹೋಗ್ಲಿ, ಅದನ್ನ ಕುಯ್ದು ನೀವೇನು ಮಂಚ ಮಾಡ್ತೀರಾ?”

ಕ್ಯಾಮೆರಾ ಎತ್ತಿದರೆ ಸಾಕು, ಪಕ್ಕಕ್ಕೆ ಸರಿದುಬಿಡುತ್ತಿದ್ದವಳು ಅವಳು. ಆ ದಿನ ಕರು ಕುಡಿಯುತ್ತಿದ್ದ ಬಕೆಟ್ಟು ಬಿಡಲಾಗದೆ ಕೈಯೊಂದು ಫೋಟೋದೊಳಗೆ ಉಳಿದಿತ್ತು.

ಬಡಗಿ ಹಲಗೆಯ ಅಂಚು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಆ ಪಟ್ಟಿಯನ್ನು ನೋಡಿದ. ಎದೆಯಲ್ಲಿ ಏನಾದರೂ ಆದೀತೆಂದು ಕಾದ. ಏನೂ ಆಗಲಿಲ್ಲ. “ಅವರು ಹೇಳ್ತಿರೋದು ಸರಿ ಕಣೋ,” ಎಂದ ಮೆಲ್ಲಗೆ. “ಅವಳಿಲ್ದೆ ಫೋಟೋ ಚೆನ್ನಾಗಿದೆ.”