ಗೆರೆಯಿಲ್ಲದ ಹೆಬ್ಬೆರಳು

ಮುಂದಿನ ಸಲ ಗೋಡಂಬಿ ಬಾಯಿಗೆ ಹಾಕುವ ಮೊದಲು ಇದನ್ನೊಮ್ಮೆ ಓದಿ...

ಕಾರ್ಕಳದ ಹತ್ತಿರ ಒಂದು ಗೇರುಬೀಜದ ಫ್ಯಾಕ್ಟರಿ.

ಅಂದು ಅಲ್ಲಿ ಶಾಮಿಯಾನ, ಹೂವಿನ ಹಾರ, ಎರಡು ದೇಶಗಳ ಬಾವುಟ... ವಿಯೆಟ್ನಾಂನ ಕಂಪನಿಯೊಂದು ಈ ಫ್ಯಾಕ್ಟರಿಯಲ್ಲಿ ಬಂಡವಾಳ ಹೂಡಿತ್ತು.

"ಏಷ್ಯಾದ ದೇಶಗಳು ಒಟ್ಟಾದರೆ ನಮ್ಮನ್ನು ತಡೆಯುವವರೇ ಇಲ್ಲ!" ಧಣಿಗಳು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು.

ಕೊನೆಯ ಸಾಲಿನ ನಲವತ್ತು ಹೆಂಗಸರು ಮಾತ್ರ ಕೈ ತಟ್ಟಲಿಲ್ಲ. ಬೀಜದ ಗಟ್ಟಿ ಸಿಪ್ಪೆ ಒಡೆಯುವ ಕಟಿಂಗ್ ಸೆಕ್ಷನ್‌ನವರು ಅವರು.

ಹೊಸ ಮೆಷಿನ್ ಬಂದರೆ ಆ ಕೆಲಸಕ್ಕೆ ಎಂಟೇ ಜನ ಸಾಕು... ಉಳಿದ ಮೂವತ್ತೆರಡು ಜನ ಮನೆಗೆ.

ಮೆಷಿನ್ ಜೋಡಿಸಲು ಹಾನ್ ಎಂಬ ವಿಯೆಟ್ನಾಂನ ಹೆಂಗಸು ಬಂದಳು. ತೆಳ್ಳಗಿನ ಮೈ, ಕಡಿಮೆ ಮಾತು, ಕೈಗೆ ಯಾವಾಗಲೂ ಗ್ಲೌಸ್.

"ನಮ್ಮ ಅನ್ನಕ್ಕೆ ಮಣ್ಣು ಹಾಕ್ಲಿಕ್ಕೆ ವಿಮಾನ ಹತ್ತಿ ಬಂದಿದ್ದಾಳೆ ನೋಡಿ" ಎಂದಳು ಗುಲಾಬಿಯಕ್ಕ, ಸೆಕ್ಷನ್‌ಗೆ ಎಲ್ಲರಿಗಿಂತ ಹಿರಿಯಳು. "ಯಾರೂ ಅವಳತ್ರ ಮಾತಾಡ್ಬಾರ್ದು. ಊಟಕ್ಕೆ ಹತ್ರ ಕೂರಿಸ್ಬಾರ್ದು."

ಹಾಗೇ ಆಯಿತು. ಹಾನ್ ದಿನವೂ ಮೆಷಿನ್ ಪಕ್ಕ ನಿಂತುಕೊಂಡೇ ಉಂಡಳು.

ಸೆಕ್ಷನ್‌ನಲ್ಲಿ ಎಲ್ಲರಿಗಿಂತ ಚುರುಕು ಕೈ ಜಲಜಳದ್ದು. ಮ್ಯಾನೇಜರ್ ಅವಳನ್ನು ಕರೆದರು.

"ಜಲಜ, ನೀನು ಆ ಮೇಡಮ್ಮಿಗೆ ಹೆಲ್ಪ್ ಮಾಡು. ಎಂಟು ಜನರಲ್ಲಿ ಒಬ್ಬಳು ನೀನೇ."

ಊಟದ ಹೊತ್ತಿಗೆ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು.

"ನೀನು ಬಚಾವಾದಿ ಮಾರಾಯ್ತಿ" ಎಂದಳು ಗುಲಾಬಿಯಕ್ಕ. ತನ್ನ ಬುತ್ತಿ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತಳು. ಉಳಿದವರೂ ಎದ್ದರು.

ಜಲಜ ಬುತ್ತಿ ಮುಚ್ಚಿದಳು. ಇವಳೊಬ್ಬಳು ಬರದಿದ್ದರೆ... ಸಿಟ್ಟೆಲ್ಲ ಹಾನ್ ಮೇಲೆ ತಿರುಗಿತು.

ಆ ಮೆಷಿನ್‌ಗೆ ಒಂದೇ ಗಾತ್ರದ ಬೀಜ ಹಾಕಬೇಕು. ಗಾತ್ರ ಬೆರೆತರೆ ಬ್ಲೇಡು ಸಿಪ್ಪೆ ದಾಟಿ ತಿರುಳಿಗೇ ಬೀಳುತ್ತದೆ.

ಟ್ರಯಲ್ ದಿನ ಬೆಳಿಗ್ಗೆ, ಸಣ್ಣ ಬೀಜದ ಗೋಣಿಗೆ ಜಲಜ ದೊಡ್ಡ ಬೀಜ ಬೆರೆಸಿಟ್ಟಳು.

ಧಣಿಗಳ ಎದುರು, ವಿಯೆಟ್ನಾಂ ಕಂಪನಿಯ ಸಾಹೇಬನ ಎದುರು ಮೆಷಿನ್ ಶುರುವಾಯಿತು... ಹೊರಗೆ ಬಿದ್ದದ್ದು ಬರೀ ತುಂಡು!

ಹಿಂದೆ ನಿಂತ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಸಾಹೇಬ ಎಲ್ಲರ ಮುಂದೆ ಹಾನ್‌ಳನ್ನು ಬೈದ. ಭಾಷೆ ತಿಳಿಯದಿದ್ದರೂ ಬೈಗುಳ ಎಲ್ಲರಿಗೂ ತಿಳಿಯಿತು.

ಹಾನ್ ಗೋಣಿಗೆ ಕೈ ಹಾಕಿ ಒಂದು ಹಿಡಿ ಬೀಜ ತೆಗೆದಳು. ನೋಡಿದಳು. ಆಮೇಲೆ ತಲೆ ಎತ್ತಿ ನೇರವಾಗಿ ಜಲಜಳನ್ನು ನೋಡಿದಳು.

ಜಲಜ ಒಂದು ಹೆಜ್ಜೆ ಹಿಂದೆ ಸರಿದಳು.

"ಸಾರಿ ಸರ್... ಮೈ ಮಿಸ್ಟೇಕ್" ಎಂದಳು ಹಾನ್, ಧಣಿಗಳತ್ತ ತಿರುಗಿ.

ಸಿಟ್ಟಿನಲ್ಲಿದ್ದ ಮ್ಯಾನೇಜರ್, "ಇನ್ನು ಇವಳೂ ಎಲ್ಲರ ಹಾಗೆ ಗೇಟಲ್ಲಿ ಬೆರಳೊತ್ತಿ ಹಾಜರಿ ಪಂಚ್ ಮಾಡ್ಲಿ" ಎಂದುಬಿಟ್ಟರು.

ಸಂಜೆ ಗೇಟಿನಲ್ಲಿ ಹಾನ್ ಗ್ಲೌಸ್ ತೆಗೆದು, ಗುರುತು ದಾಖಲಿಸಲು ಪಂಚಿಂಗ್ ಮೆಷಿನ್ ಮೇಲೆ ಹೆಬ್ಬೆರಳಿಟ್ಟಳು. ಕೆಂಪು ದೀಪ. ಮತ್ತೆ ಇಟ್ಟಳು. ಮತ್ತೆ ಕೆಂಪು.

"ಎಂತದಿದು, ಇವರದ್ದೂ ಕಟಿಂಗ್‌ನವರ ಹಾಗೇ ಉಂಟಲ್ಲ?" ಎಂದ ವಾಚ್‌ಮನ್.

ಹಿಂದೆ ನಿಂತಿದ್ದ ಜಲಜ ಬೆಚ್ಚಿಬಿದ್ದಳು. ಗೇರು ಸಿಪ್ಪೆಯ ಸೊನೆ ವರ್ಷಗಟ್ಟಲೆ ಸುಟ್ಟು ಸುಟ್ಟು ಬೆರಳಿನ ಗೆರೆಗಳೇ ಅಳಿಸಿಹೋಗುತ್ತವೆ. ಅದಕ್ಕೇ ಕಟಿಂಗ್‌ನವರಿಗೆ ಪಂಚಿಂಗ್ ಇಲ್ಲ, ಪುಸ್ತಕದಲ್ಲಿ ಸಹಿ.

ಜಲಜ ಹಾನ್‌ಳ ಕೈ ಹಿಡಿದು ತಿರುಗಿಸಿದಳು. ಕಪ್ಪು ಕಲೆ, ನುಣುಪು ಬೆರಳು... ತನ್ನದೇ ಕೈ.

ಹಾನ್ ಮೊಬೈಲ್ ತೆಗೆದು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಮೊಬೈಲ್ ಕನ್ನಡದಲ್ಲಿ ಮಾತಾಡಿತು.

"ನಾನು ಹನ್ನೊಂದು ವರ್ಷಗಳ ಕಾಲ ಬೀಜ ಕತ್ತರಿಸಿದ್ದೇನೆ. ನಮ್ಮ ಕಾರ್ಖಾನೆಗೆ ಯಂತ್ರ ಬಂದ ದಿನ ನಾನು ಅದರೊಳಗೆ ಕಲ್ಲು ಹಾಕಿದೆನು."

ಜಲಜ ತಟ್ಟನೆ ಅವಳ ಕೈ ಬಿಟ್ಟಳು.

"ಒಂದೇ ದಿನದಲ್ಲಿ ಯಂತ್ರ ದುರಸ್ತಿಯಾಯಿತು. ನಾವು ಅರವತ್ತು ಮಹಿಳೆಯರು ಮನೆಗೆ ಹೋದೆವು. ನಾನು ಯಂತ್ರದ ಕಂಪನಿಯಲ್ಲಿ ಕಸ ಗುಡಿಸುತ್ತಾ ಈ ಕೆಲಸ ಕಲಿತೆನು."

"ಬೇರೆ ವಿಭಾಗದಲ್ಲಿ ಕೆಲಸ ಕೊಡಿರಿ ಎಂದು ನಾವು ತಡವಾಗಿ ಕೇಳಿದೆವು. ಸರಿಯಿದೆ ಎಂದು ನಾನು ಸಹಿ ಹಾಕುವವರೆಗೆ ನಿಮ್ಮ ಮಾಲೀಕರು ಈ ಯಂತ್ರ ಓಡಿಸುವಂತಿಲ್ಲ. ಮೂರು ದಿನ ನಾನು ಸಹಿ ಹಾಕುವುದಿಲ್ಲ. ಈಗಲೇ ಕೇಳಿರಿ."

ಜಲಜ ಅಲ್ಲಿಂದ ನೇರ ಗುಲಾಬಿಯಕ್ಕನ ಮನೆಗೆ ಹೋಗಿ ಎಲ್ಲ ಹೇಳಿದಳು.

ಮರುದಿನ ನಲವತ್ತೂ ಜನ ಆಫೀಸಿನ ಎದುರು ಕೂತರು. ಮೆಷಿನ್ ಓಡಿದರೆ ಹೆಚ್ಚು ಬೀಜ ಬರುತ್ತದೆ. ಒಳಸಿಪ್ಪೆ ಸುಲಿಯುವ ಪೀಲಿಂಗ್, ತಿರುಳು ವಿಂಗಡಿಸುವ ಗ್ರೇಡಿಂಗ್‌ಗೆ ಕೈ ಬೇಕು. ಆ ಕೆಲಸ ನಮಗೇ ಕೊಡಿ... ಇದೊಂದೇ ಮಾತು.

"ಜಲಜ, ನಿನ್ನ ಕೆಲಸ ಉಂಟಲ್ಲ! ನೀನ್ಯಾಕೆ ಕೂತದ್ದು?" ಧಣಿಗಳು ಗದರಿದರು.

"ಇವರಿಗೆಲ್ಲ ಇಲ್ಲದ್ದು ನನಗೂ ಬೇಡ ಧಣಿ."

ಎರಡು ದಿನ ಧಣಿಗಳು ಬೈದರು, ಹೆದರಿಸಿದರು. ಅತ್ತ ಹಾನ್, "ಇನ್ನೂ ಅಡ್ಜಸ್ಟ್ ಆಗಿಲ್ಲ" ಎಂದು ಮೆಷಿನ್ ಅಡಿಯಲ್ಲೇ ಮಲಗಿದ್ದಳು. ಮೂರನೇ ದಿನ ಧಣಿಗಳು ಸೋತರು.

ಇಪ್ಪತ್ತೇಳು ಜನರಿಗೆ ಕೆಲಸ ಉಳಿಯಿತು. ಹದಿಮೂರು ಜನರಿಗೆ ಉಳಿಯಲಿಲ್ಲ. ಅವರಲ್ಲಿ ಗುಲಾಬಿಯಕ್ಕನೂ ಒಬ್ಬಳು.

"ಅವಳು ಒಳ್ಳೆಯವಳೇ ಇರ್ಬಹುದು" ಎಂದಳು ಗುಲಾಬಿಯಕ್ಕ. "ಆದ್ರೆ ಮೆಷಿನ್ ತಂದವಳೂ ಅವಳೇ ಅಲ್ವಾ?"

ಜಲಜ ಅವಳ ಬುತ್ತಿ ಎತ್ತಿಕೊಂಡು ಗೇಟಿನವರೆಗೆ ಜೊತೆಗೆ ನಡೆದಳು.

ತಡ ಮಾಡಿದ್ದಕ್ಕೆ ಸಾಹೇಬ ಹಾನ್‌ಳನ್ನು ಇಲ್ಲಿಂದ ತೆಗೆದು ಕಾಂಬೋಡಿಯಾಕ್ಕೆ ಹಾಕಿದ. ಕಾರು ಹೊರಟಾಗ ಜಲಜ ಓಡಿಬಂದು ಕೈಮುಗಿದಳು. ಕಣ್ಣೀರು ಇಳಿಯುತ್ತಿತ್ತು...

ಹಾನ್ ಮೊಬೈಲ್ ಎತ್ತಿ ಹಿಡಿದಳು.

"ಅಳಬೇಡಿರಿ. ಅಲ್ಲಿಯೂ ಮಹಿಳೆಯರು ನನ್ನನ್ನು ಬೈಯಲು ಕಾಯುತ್ತಿದ್ದಾರೆ. ಹೆಚ್ಚು ಬೈಯುವವಳು ಯಾರೆಂದು ನೋಡಿ, ಅವಳಿಗೇ ಮೊದಲು 'ಈಗಲೇ ಕೇಳಿರಿ' ಎಂದು ಹೇಳುತ್ತೇನೆ."

*ನಮ್ಮ ಹೊಟ್ಟೆಗೆ ಹೊಡೆಯಲು ಬಂದರು ಎಂದುಕೊಂಡವರು, ಅದೇ ಪೆಟ್ಟನ್ನು ನಮಗಿಂತ ಮೊದಲು ತಿಂದವರಾಗಿರಬಹುದು.*

ನೀವು ಇವತ್ತು ದ್ವೇಷಿಸುತ್ತಿರುವವರ ಹಿಂದಿನ ಬದುಕು ನಿಮಗೆಷ್ಟು ಗೊತ್ತು...?