ಹಾಜರಿಯ ನಿಯಮ

ಚಂದ್ರನ ಮೂರನೆಯ ಬಡಾವಣೆಯಲ್ಲಿ ಕೋರ್ಸ್ ಪಾಸಾಗದವರಿಗೆ ಕೆಲಸವಿರಲಿಲ್ಲ, ಕೆಲಸವಿಲ್ಲದವರಿಗೆ ಜಾಗವಿರಲಿಲ್ಲ. ಸಸಿ ಬೆಳೆಸುವ ಸಸಿಮನೆ ಕೆಲಸದ ಆನ್‌ಲೈನ್ ಕೋರ್ಸಿನಲ್ಲಿ ವೇದವಲ್ಲಿಗೆ ಉಳಿದದ್ದು ಒಂದೇ ಪಾಠ. ಫೇಲಾದರೆ ಇಲ್ಲೇ ಕೆಲಸದಲ್ಲಿರುವ ಮಗಳನ್ನು ಬಿಟ್ಟು ಗುರುವಾರದ ನೌಕೆಯಲ್ಲಿ ಭೂಮಿಗೆ ಇಳಿಯಬೇಕು.

ಪರೀಕ್ಷೆಗಳೆಲ್ಲ ಮುಗಿದು ತೊಂಬತ್ತೆಂಟು ಅಂಕ ಬಂದಿತ್ತು. ಹಾಜರಿ ಮಾತ್ರ ಸೊನ್ನೆ.

“ನಾನು ಒಂದು ಪಾಠಾನೂ ತಪ್ಪಿಸಿಲ್ಲ ಮೇಷ್ಟ್ರೇ,” ಎಂದಳು ವೇದವಲ್ಲಿ.

“ಎಲ್ಲಾ ಪಾಠದಲ್ಲೂ ಕಣ್ಣು ಮುಚ್ಕೊಂಡಿದ್ರಿ ತಾಯಿ,” ಎಂದಿತು ಗೋಡೆಯಲ್ಲಿದ್ದ ಮೇಷ್ಟ್ರ ಯಂತ್ರ. “ಏಳನೇ ನಿಯಮದ ಪ್ರಕಾರ ಕಣ್ಣು ಮುಚ್ಚಿದವರು ಗೈರುಹಾಜರು. ಕೊನೇ ಪಾಠಕ್ಕೆ ಪೂರ್ತಿ ಹಾಜರಿದ್ರೆ ಹಳೇದೆಲ್ಲ ಮಾಫಿ.”

ವೇದವಲ್ಲಿ ಕಾವ್ಯವಾಚನ ಕೇಳುತ್ತ ಬೆಳೆದವಳು. ತಾತ ರಾಗ ತೆಗೆದೊಡನೆ ಮನೆಮಂದಿಯೆಲ್ಲ ಕಣ್ಣು ಮುಚ್ಚುತ್ತಿದ್ದರು. ಕಣ್ಣು ಬಿಟ್ಟುಕೊಂಡು ಕೂತವರಿಗೆ, ಮನಸ್ಸು ಎಲ್ಲಿಟ್ಟಿದ್ದೀಯ ಎಂದು ಬೈಗುಳ ಬೀಳುತ್ತಿತ್ತು.

“ನಲವತ್ತು ನಿಮಿಷ ಗೂಬೆ ಥರ ಕೂತ್ಕೊಳಮ್ಮ, ಅಷ್ಟೇ ತಾನೆ?” ಎಂದು ಮಗಳು ಭಾರ್ಗವಿ ನಕ್ಕಳು.

ವೇದವಲ್ಲಿ ಕೂತಳು. ಬೀಜ ಮೊಳೆಯುವ ಮಾತು ಬಂದಾಗ ರೆಪ್ಪೆಗಳು ತಾವಾಗಿಯೇ ಇಳಿಯತೊಡಗಿದವು. ಅವನ್ನು ಬೆರಳುಗಳಿಂದ ಎತ್ತಿ ಹಿಡಿದಳು. ಕಣ್ಣು ಉರಿದು ನೀರು ಕೆನ್ನೆಗಿಳಿದರೂ ಬಿಡಲಿಲ್ಲ.

ಪಾಠ ಮುಗಿಯಿತು. ಹಾಜರಿ ನೂರಕ್ಕೆ ನೂರು, ಪಾಸು ಎಂದು ಗೋಡೆಯ ಮೇಲೆ ಮೂಡಿತು. ಭಾರ್ಗವಿ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು.

“ಅಂತೂ ಗೆದ್ದೆ ಬಿಡು! ಏನು ಹೇಳಿದ್ರಮ್ಮ ಕೊನೇ ಪಾಠದಲ್ಲಿ?”

ವೇದವಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಯಾರಿಗ್ಗೊತ್ತೇ? ಹಾಜರಿರೋದ್ರಲ್ಲೇ ಹೊತ್ತು ಹೋಯ್ತು.”